ಒಂದನ್ನು ಪೂರ್ತಿ ಓದು, ಮಗೂ

ಪ್ರೋಟೀನಿನ ರಚನೆಗೆ ಎಷ್ಟು ಮಟ್ಟ ಎಂದು ಯಾರಾದರೂ ಕೇಳಿದರೆ ಸಾಕು, ನೀನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತೀಯ: ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ. ಒಂದೊಂದಕ್ಕೂ ಒಂದು ಸಾಲಿನ ವ್ಯಾಖ್ಯೆ, ಒಂದು ಚಿತ್ರ, ಒಂದು ಉದಾಹರಣೆ. ಪೂರ್ತಿ ಅಂಕ. ಆಮೇಲೆ ಪುಟ ಮಗುಚಿ ಕಿಣ್ವಗಳ ಅಧ್ಯಾಯಕ್ಕೆ ಓಟ. ನಿನ್ನ ಜಾಣತನದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಿನ್ನ ಕಾಲಿಗಿರುವ ಚಕ್ರದ ಬಗ್ಗೆಯೇ ಚಿಂತೆ. ಸ್ವಲ್ಪ ಕೂತುಕೋ. ಕಾಫಿ ಬರುತ್ತಿದೆ.

ಮೊದಲು ಒಂದು ಮಾತು ತಲೆಗೆ ಹಾಕಿಕೋ. ಆ ನಾಲ್ಕು ಮಟ್ಟ ಪ್ರೋಟೀನು ಮಾಡಿಕೊಂಡದ್ದಲ್ಲ, ನಾವು ಮಾಡಿದ್ದು. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್‌ಸ್ಟ್ರೋಮ್-ಲಾಂಗ್ 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಉಪನ್ಯಾಸ ಕೊಡುವಾಗ ಮೊದಲ ಮೂರು ಹೆಸರು ಇಟ್ಟರು. ನಾಲ್ಕನೆಯದನ್ನು 1958ರಲ್ಲಿ ಜೆ.ಡಿ. ಬರ್ನಾಲ್ ಸೇರಿಸಿದರು. ಮಾತಾಡಲು ಅನುಕೂಲವಾಗಲಿ ಎಂದು ಮಾಡಿಕೊಂಡ ವಿಂಗಡಣೆ ಅದು. ನೀನೋ, ಅವು ಒಂದಾದ ಮೇಲೊಂದು ನಡೆಯುವ ಘಟನೆಗಳು ಎಂದುಕೊಂಡಿದ್ದೀಯ: ಮೊದಲು ಸರಪಳಿ, ಆಮೇಲೆ ಸುರುಳಿ, ಆಮೇಲೆ ಉಂಡೆ, ಕೊನೆಗೆ ಉಂಡೆಗಳ ಗುಂಪು. ನಿಜವಾಗಿ ಅವು ಒಂದೇ ಅಣುವಿಗೆ ನಾವು ಕೇಳುವ ನಾಲ್ಕು ಪ್ರಶ್ನೆ. ಯಾವ ಅಮೈನೋ ಆಮ್ಲದ ಪಕ್ಕ ಯಾವುದಿದೆ? ಬೆನ್ನೆಲುಬು ಎಲ್ಲೆಲ್ಲಿ ಯಾವ ಭಂಗಿ ತಾಳಿದೆ? ಸರಪಳಿಯಲ್ಲಿ ದೂರ ಇರುವವು ಹೇಗೆ ಹತ್ತಿರ ಬಂದಿವೆ? ಜೊತೆಗಾರರು ಯಾರು? ಒಂದಕ್ಕೆ ಉತ್ತರ ಹುಡುಕಲು ಹೊರಟರೆ ಉಳಿದ ಮೂರೂ ಬಂದು ಬಾಗಿಲು ತಟ್ಟುತ್ತವೆ.

ಪಠ್ಯಪುಸ್ತಕದಲ್ಲಿ ಇದು ಕಾಣುವುದಿಲ್ಲ. ಯಾಕೆಂದರೆ ಪುಸ್ತಕ ಒಂದೊಂದು ಮಟ್ಟಕ್ಕೂ ಒಂದೊಂದು ಪ್ರೋಟೀನು ತೋರಿಸುತ್ತದೆ. ಮೊದಲನೆಯದಕ್ಕೆ ಇನ್ಸುಲಿನ್, ಎರಡನೆಯದಕ್ಕೆ ಕೂದಲಿನ ಕೆರಾಟಿನ್, ಮೂರನೆಯದಕ್ಕೆ ಮಯೋಗ್ಲೋಬಿನ್, ನಾಲ್ಕನೆಯದಕ್ಕೆ ಹಿಮೋಗ್ಲೋಬಿನ್. ನಾಲ್ವರ ಮುಖಪರಿಚಯ ಆಗುತ್ತದೆ, ಒಬ್ಬರ ಸ್ನೇಹವೂ ಆಗುವುದಿಲ್ಲ. ನನ್ನ ಮಾತು ಕೇಳು: ಒಂದೇ ಪ್ರೋಟೀನನ್ನು ಹಿಡಿ, ನಾಲ್ಕು ಪ್ರಶ್ನೆಯನ್ನೂ ಅದಕ್ಕೇ ಕೇಳು. ಇನ್ಸುಲಿನ್ ಹಿಡಿದರೆ ಒಳ್ಳೆಯದು. ಚಿಕ್ಕದು, ಒಟ್ಟು 51 ಅಮೈನೋ ಆಮ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲೇ ಇದೆ. ದಿನಾ ನಾನು ಚುಚ್ಚಿಕೊಳ್ಳುವುದು ಅದನ್ನೇ, ಹಾಗಾಗಿ ನನಗೆ ಅದರ ಜೊತೆ ಸಲಿಗೆ ಜಾಸ್ತಿ.

ಫ್ರೆಡರಿಕ್ ಸ್ಯಾಂಗರ್ ಕೇಂಬ್ರಿಡ್ಜ್‌ನಲ್ಲಿ ಅದನ್ನು ಕೈಗೆತ್ತಿಕೊಂಡದ್ದು 1940ರ ದಶಕದಲ್ಲಿ. ಪ್ರೋಟೀನಿಗೆ ಖಚಿತವಾದ ಒಂದು ಕ್ರಮ ಅಂತ ಇದೆಯೋ ಇಲ್ಲವೋ ಎಂಬುದೇ ಆಗ ಎಲ್ಲರಿಗೂ ಸ್ಪಷ್ಟವಿರಲಿಲ್ಲ. ಸ್ಯಾಂಗರ್ ವಾದಕ್ಕೆ ಇಳಿಯಲಿಲ್ಲ, ಕೆಲಸಕ್ಕೆ ಇಳಿದರು. ಸರಪಳಿಯ ತುದಿಯ ಅಮೈನೋ ಆಮ್ಲಕ್ಕೆ ಹಳದಿ ಗುರುತು ಅಂಟಿಸುವ ಒಂದು ರಾಸಾಯನಿಕ ಹಿಡಿದರು. ಗುರುತು ಹಚ್ಚಿ ಆಮ್ಲದಲ್ಲಿ ಒಡೆದು ನೋಡಿದರೆ ಎರಡು ಬಗೆಯ ತುದಿ ಸಿಕ್ಕವು: ಒಂದು ಗ್ಲೈಸಿನ್, ಇನ್ನೊಂದು ಫಿನೈಲ್‌ಅಲನಿನ್. ಹಾಗಾದರೆ ಸರಪಳಿಗಳೂ ಎರಡು ಬಗೆ. ಒಂದಕ್ಕೆ ಎ ಎಂದರು, ಇನ್ನೊಂದಕ್ಕೆ ಬಿ. ಆಮೇಲೆ ಶುರುವಾಯಿತು ನೋಡು ತಾಳ್ಮೆಯ ಕೆಲಸ. ಸರಪಳಿಯನ್ನು ತುಂಡು ಮಾಡು, ತುಂಡುಗಳನ್ನು ಕಾಗದದ ಮೇಲೆ ಹರಿಸಿ ಬೇರ್ಪಡಿಸು, ಒಂದೊಂದರ ತುದಿ ಪತ್ತೆ ಮಾಡು, ಒಂದು ತುಂಡಿನ ಬಾಲ ಇನ್ನೊಂದರ ತಲೆಯ ಜೊತೆ ಎಲ್ಲಿ ಹೊಂದುತ್ತದೆ ಎಂದು ಹುಡುಕು. ಹಾನ್ಸ್ ಟುಪ್ಪಿ ಜೊತೆಗೂಡಿ ಬಿ ಸರಪಳಿಯ 30 ಅಮೈನೋ ಆಮ್ಲಗಳ ಕ್ರಮ 1951ರಲ್ಲಿ ಮುಗಿಸಿದರು. ಎ ಸರಪಳಿಯ 21 ಆದದ್ದು 1953ರಲ್ಲಿ. ಅವೆರಡನ್ನೂ ಹಿಡಿದಿಡುವ ಗಂಧಕದ ಸೇತುವೆಗಳು ಎಲ್ಲೆಲ್ಲಿವೆ ಎಂದು ಗೊತ್ತಾಗಲು 1955 ಬರಬೇಕಾಯಿತು. ಎ ಮತ್ತು ಬಿ ನಡುವೆ ಎರಡು, ಎ ಸರಪಳಿಯ ಒಳಗೇ ಒಂದು.

ನೀನು ಇದನ್ನು ಈಗ ಅರ್ಧ ನಿಮಿಷದಲ್ಲಿ ಓದಿದೆ. ಅವರಿಗೆ ಹತ್ತಾರು ವರ್ಷದ ದುಡಿಮೆ. 1958ರಲ್ಲಿ ನೊಬೆಲ್ ಬಂತು, ಡಿಎನ್‌ಎ ಕ್ರಮ ಓದುವ ವಿಧಾನಕ್ಕೆ 1980ರಲ್ಲಿ ಮತ್ತೊಂದು ಬಂತು. ಇಷ್ಟಾಗಿಯೂ ಅವರು ಸರ್ ಪದವಿ ಬೇಡ ಎಂದರು, 1983ರಲ್ಲಿ ನಿವೃತ್ತರಾಗಿ ತೋಟ ಮಾಡಿಕೊಂಡು ಇದ್ದರು. ಸದ್ದುಗದ್ದಲವಿಲ್ಲದ ಮನುಷ್ಯ. ಪ್ರಯೋಗಾಲಯದ ಮೇಜಿನ ಮುಂದೆ ನಿಂತು ಕೈಯಾರೆ ಮಾಡುವುದರಲ್ಲೇ ಅವರಿಗೆ ಖುಷಿ. ನಿನಗೂ ಆ ಖುಷಿ ಇದೆ, ನಾನು ಕಂಡಿದ್ದೇನೆ. ಆದರೆ ಫಲಿತಾಂಶ ಸಂಜೆಯೊಳಗೆ ಬರದಿದ್ದರೆ ನಿನ್ನ ಮುಖ ಸಪ್ಪಗಾಗುತ್ತದೆ. ಅದನ್ನು ಬಿಡು.

ಸ್ಯಾಂಗರ್ ಓದಿದ್ದು ಹಸುವಿನ ಇನ್ಸುಲಿನ್. ನಮ್ಮದಕ್ಕೂ ಅದಕ್ಕೂ ಮೂರೇ ಜಾಗದಲ್ಲಿ ವ್ಯತ್ಯಾಸ: ಎ ಸರಪಳಿಯ 8 ಮತ್ತು 10, ಬಿ ಸರಪಳಿಯ 30. ಹಂದಿಯದಕ್ಕೂ ನಮ್ಮದಕ್ಕೂ ಬಿ 30ರಲ್ಲಿ ಮಾತ್ರ. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬರುವ ತನಕ ಮಧುಮೇಹಿಗಳು ಬದುಕಿದ್ದು ಹಸು ಹಂದಿಗಳ ಇನ್ಸುಲಿನ್‌ನಿಂದಲೇ. ಆ ಮೂರು ಜಾಗ ಬದಲಾದರೂ ಕೆಲಸ ಕೆಡಲಿಲ್ಲ. ಈಗ ಬಿ ಸರಪಳಿಯ 8ನೆಯ ಜಾಗಕ್ಕೆ ಬಾ. ಅಲ್ಲೊಂದು ಗ್ಲೈಸಿನ್ ಇದೆ. ಅದರ ಬದಲು ಸೆರಿನ್ ಬಂದರೆ ಮಗುವಿಗೆ ಸಾಮಾನ್ಯವಾಗಿ ಹುಟ್ಟಿದ ಆರು ತಿಂಗಳೊಳಗೇ ಮಧುಮೇಹ. ಒಂದು ಕಡೆ ಮೂರು ಬದಲಾದರೂ ಏನೂ ಆಗಲಿಲ್ಲ, ಇನ್ನೊಂದು ಕಡೆ ಒಂದು ಬದಲಾದದ್ದಕ್ಕೆ ಇಷ್ಟು ಅನಾಹುತ. ಯಾಕೆ? ಬರೀ ಕ್ರಮವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಎರಡನೆಯ ಪ್ರಶ್ನೆ ತಾನಾಗಿ ಬಂತು ನೋಡು.

ನಿನ್ನ ಪುಸ್ತಕ ಪ್ರೋಟೀನನ್ನು ಮಣಿಸರಕ್ಕೆ ಹೋಲಿಸುತ್ತದೆ. ಮೊದಲ ಪಾಠಕ್ಕೆ ಅದು ಸಾಕು, ಎರಡನೆಯದಕ್ಕೆ ಸಾಲದು. ಸರದ ದಾರ ಎಲ್ಲಿ ಬೇಕಾದರೂ ಬಾಗುತ್ತದೆ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಕೂಡಿಸುವ ಪೆಪ್ಟೈಡ್ ಬಂಧ ಹಾಗೆ ತಿರುಚಿಕೊಳ್ಳುವುದಿಲ್ಲ. ಅದು ಮತ್ತು ಅದರ ಅಕ್ಕಪಕ್ಕದ ಪರಮಾಣುಗಳು ಒಂದೇ ಸಮತಲದಲ್ಲಿ ಕೂತಿರುತ್ತವೆ. ಲೈನಸ್ ಪೌಲಿಂಗ್ ಗೆದ್ದದ್ದು ಈ ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿದುಕೊಂಡದ್ದರಿಂದ. 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೆಗಡಿಯಾಗಿ ಮಲಗಿದ್ದಾಗ, ಪತ್ತೇದಾರಿ ಕಾದಂಬರಿ ಓದಿ ಬೇಜಾರಾಗಿ, ಕಾಗದದ ಮೇಲೆ ಸರಪಳಿ ಬರೆದು ಮಡಚುತ್ತಾ ಹೋದರು. ಒಂದು ಸುತ್ತಿಗೆ 3.6 ಅಮೈನೋ ಆಮ್ಲ ಬರುವ ಸುರುಳಿ ಸಿಕ್ಕಿತು. ಆಲ್ಫಾ ಹೆಲಿಕ್ಸ್ ಅಂದರೆ ಅದೇ.

ಕಥೆಯ ಇಷ್ಟು ಭಾಗ ನಿನಗೆ ಗೊತ್ತು. ನನಗೆ ಮುಖ್ಯವಾದದ್ದು ಮುಂದಿನದು. ಅವರ ಸುರುಳಿಯ ಒಂದು ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಂ. ಕೂದಲಿನ ಎಕ್ಸ್-ಕಿರಣ ಚಿತ್ರದಲ್ಲಿ ಕಾಣುತ್ತಿದ್ದದ್ದು 5.1. ಅಷ್ಟು ಸಣ್ಣ ಅಂತರಕ್ಕೆ ಪೌಲಿಂಗ್ ಅದನ್ನು ಪ್ರಕಟಿಸದೆ ಇಟ್ಟುಕೊಂಡರು! ಇತ್ತ ಕೇಂಬ್ರಿಡ್ಜ್‌ನಲ್ಲಿ ಬ್ರ್ಯಾಗ್, ಕೆಂಡ್ರೂ, ಪೆರುಟ್ಸ್ 1950ರಲ್ಲಿ ಸರಪಳಿಯ ಸಾಧ್ಯ ಆಕಾರಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಪೆಪ್ಟೈಡ್ ಬಂಧ ಸಮತಲ ಎಂಬುದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಪಟ್ಟಿಯಲ್ಲಿ ಎಲ್ಲವೂ ಇತ್ತು, ಸರಿಯಾದದ್ದೊಂದು ಬಿಟ್ಟು. ಪೌಲಿಂಗ್, ಕೋರಿ, ಬ್ರಾನ್ಸನ್ ಜೊತೆಗೂಡಿ 1951ರಲ್ಲಿ ತಮ್ಮ ಸುರುಳಿ ಪ್ರಕಟಿಸಿದರು. ಅದನ್ನು ಓದಿದ ಪೆರುಟ್ಸ್ ಏನು ಮಾಡಿದರು ಗೊತ್ತೇ? ಮುನಿಸಿಕೊಂಡು ಕೂರಲಿಲ್ಲ. ಈ ಸುರುಳಿ ನಿಜವಾದರೆ 1.5 ಆಂಗ್‌ಸ್ಟ್ರಾಂ ಅಂತರದ ಒಂದು ಗುರುತು ಚಿತ್ರದಲ್ಲಿ ಕಾಣಲೇಬೇಕು, ಇದುವರೆಗೆ ಯಾರೂ ಆ ಕೋನಕ್ಕೆ ನೋಡಿಲ್ಲ ಎಂದು ಲೆಕ್ಕ ಹಾಕಿದರು. ಕುದುರೆ ಕೂದಲು ತೆಗೆದುಕೊಂಡು, ಕೋನ ಬದಲಿಸಿ ಚಿತ್ರ ಹಿಡಿದರು. ಗುರುತು ಅಲ್ಲೇ ಇತ್ತು. ಎದುರಾಳಿಯ ಮಾತು ಸರಿ ಎಂದು ಸಾಬೀತು ಮಾಡಲು ತಾನೇ ಓಡಿದ ಮನುಷ್ಯ ಅವರು. ಆ 5.1ರ ಗಂಟೂ ಮುಂದೆ ಬಿಚ್ಚಿಕೊಂಡಿತು: ಕೂದಲಿನಲ್ಲಿ ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡು ಓರೆಯಾಗಿ ನಿಂತಿರುತ್ತವೆ. ಅಂದರೆ ಎರಡನೆಯ ಮಟ್ಟದ ಅಳತೆ ತಾಳೆಯಾಗದೆ ಇದ್ದದ್ದಕ್ಕೆ ಕಾರಣ ಅದರ ಮೇಲಿನ ಮಟ್ಟದಲ್ಲಿತ್ತು. ಇದೇ ಪೌಲಿಂಗ್ 1953ರ ಆರಂಭದಲ್ಲಿ ಡಿಎನ್‌ಎ ವಿಷಯದಲ್ಲಿ ಆತುರಪಟ್ಟು ಮೂರು ಎಳೆಯ ತಪ್ಪು ಮಾದರಿ ಪ್ರಕಟಿಸಿದರು. ಎಷ್ಟು ದೊಡ್ಡವರಾದರೂ ಆತುರ ಯಾರನ್ನೂ ಬಿಡುವುದಿಲ್ಲ.

ಇನ್ನು ನಮ್ಮವರ ಕಥೆಗೆ ಬರುತ್ತೇನೆ. ಜಿ.ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು, ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮುಂದೆ ಮದರಾಸು ವಿಶ್ವವಿದ್ಯಾಲಯದಲ್ಲಿ, ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್-ಕಿರಣ ಚಿತ್ರ ಇಟ್ಟುಕೊಂಡು, ಗೋಪಿನಾಥ್ ಕರ್ತಾ ಜೊತೆ 1954ರಲ್ಲಿ ಕೊಲ್ಲಾಜನ್ನಿನ ಮೂರು ಎಳೆಯ ರಚನೆ ಮುಂದಿಟ್ಟರು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಗಟ್ಟಿಯಾಗಿ ಹಿಡಿದಿರುವ ಪ್ರೋಟೀನು ಅದು. ಇಂಗ್ಲೆಂಡಿನಿಂದ ಆಕ್ಷೇಪ ಬಂತು: ನಿಮ್ಮ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರ ಹತ್ತಿರ ಬಂದಿವೆ, ಅಷ್ಟು ಹತ್ತಿರ ಬರಕೂಡದು ಎಂದರು ಕ್ರಿಕ್ ಮತ್ತು ರಿಚ್.

ಈ ಜಾಗದಲ್ಲಿ ನೀನಾಗಿದ್ದರೆ ಅದೇ ರಾತ್ರಿ ಒಂದು ಖಾರದ ಉತ್ತರ ಬರೆದು ಕಳಿಸುತ್ತಿದ್ದೆ. ರಾಮಚಂದ್ರನ್ ಬೇರೆ ಪ್ರಶ್ನೆ ಕೇಳಿಕೊಂಡರು: ಹತ್ತಿರ ಅಂದರೆ ಎಷ್ಟು ಹತ್ತಿರ? ಎಲ್ಲಿಯವರೆಗೆ ಬರಬಹುದು? ಆವರೆಗೆ ಬಿಡಿಸಿದ್ದ ಹರಳುಗಳಲ್ಲಿ ಪರಮಾಣುಗಳ ನಡುವೆ ಇರುವ ಅಂತರಗಳನ್ನೆಲ್ಲ ಕಲೆಹಾಕಿದರು. ಬಂಧ ಸಮತಲವಾಗಿರುವುದರಿಂದ ಸರಪಳಿಯ ಪ್ರತಿ ಕೊಂಡಿಗೂ ತಿರುಗಲು ಉಳಿಯುವುದು ಎರಡೇ ಕೋನ, ಫೈ ಮತ್ತು ಸೈ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಇಟ್ಟು, ಯಾವ ಜೋಡಿಯಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಎಂದು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಸೇರಿ ಲೆಕ್ಕ ಮಾಡಿದರು. ನಕ್ಷೆ ಪ್ರಕಟವಾದದ್ದು 1963ರಲ್ಲಿ. ಅದರ ಬಹುಪಾಲು ಖಾಲಿ. ಅಮೈನೋ ಆಮ್ಲಗಳಿಗೆ ನಿಲ್ಲಲು ಒಪ್ಪಿತವಾದ ಜಾಗ ಕಾಲು ಭಾಗಕ್ಕಿಂತ ಕಡಿಮೆ. ಆಲ್ಫಾ ಸುರುಳಿಯೂ, ಚಾಚಿದ ಎಳೆಗಳು ಅಕ್ಕಪಕ್ಕ ಮಲಗಿ ಆಗುವ ಬೀಟಾ ಹಾಳೆಯೂ ಆ ಒಪ್ಪಿತ ಜಾಗದಲ್ಲೇ ಬಂದು ಕೂತವು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ರಾಮಚಂದ್ರನ್ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ಒಂದು ಆಕ್ಷೇಪಕ್ಕೆ ಎಂಥ ಉತ್ತರ ನೋಡು! 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ ಬಂದು ಅಣು ಜೈವಿಕ ಭೌತವಿಜ್ಞಾನ ಘಟಕ ಕಟ್ಟಿದರು. ನೀನು ಬಸ್ಸಿನಲ್ಲಿ ಆ ಗೇಟಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದೀಯ.

ಈಗ ಆ ಬಿ 8ರ ಗ್ಲೈಸಿನ್ನಿಗೆ ಹಿಂತಿರುಗು. ಗ್ಲೈಸಿನ್ನಿಗೆ ಪಕ್ಕದ ಗುಂಪು ಅಂತ ಇರುವುದು ಒಂದು ಹೈಡ್ರೋಜನ್ ಮಾತ್ರ. ಉಳಿದವರಿಗೆ ನಿಷಿದ್ಧವಾದ ಎಷ್ಟೋ ಕೋನಗಳಲ್ಲಿ ಅದು ಆರಾಮಾಗಿ ನಿಲ್ಲುತ್ತದೆ. ಬಿ ಸರಪಳಿಯಲ್ಲಿ 9ರಿಂದ 19ರವರೆಗೆ ಒಂದು ಸುರುಳಿ ಇದೆ, ಅದರ ಹೊಸ್ತಿಲಲ್ಲೇ ಈ 8ನೆಯದು. ಸುರುಳಿ ಮುಗಿದ ಮೇಲೆ 20ರಿಂದ 23ರವರೆಗೆ ಸರಪಳಿ ತಟ್ಟನೆ ತಿರುಗುತ್ತದೆ, ಆ ತಿರುವಿನ ಎರಡೂ ತುದಿಯಲ್ಲಿ ಮತ್ತೆ ಗ್ಲೈಸಿನ್. ಅಲ್ಲಿಗೆ ದಪ್ಪನೆಯ ಇನ್ನೊಂದನ್ನು ತಂದು ಕೂರಿಸಿದರೆ ಸರಪಳಿ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ, ಕೆಟ್ಟ ಮಡಿಕೆಗಳು ಜೀವಕೋಶದೊಳಗೇ ತುಂಬಿಕೊಂಡು ಕೋಶವನ್ನೇ ಸೊರಗಿಸುತ್ತವೆ. ಮೊದಲ ಪ್ರಶ್ನೆಯ ಒಂದು ಅಕ್ಷರಕ್ಕೆ ಉತ್ತರ ಎರಡನೆಯದರಲ್ಲೂ ಮೂರನೆಯದರಲ್ಲೂ ಹಂಚಿಹೋಗಿದೆ.

ಮೂರನೆಯದಕ್ಕೆ ಬಂದೆವು. ನೀರನ್ನು ಇಷ್ಟಪಡದ ಪಕ್ಕದ ಗುಂಪುಗಳು ಒಳಗೆ ಸರಿಯುತ್ತವೆ, ಇಷ್ಟಪಡುವವು ಹೊರಗೆ ಉಳಿಯುತ್ತವೆ. ಇದನ್ನು ನೀನು ನನಗಿಂತ ಚೆನ್ನಾಗಿ ಹೇಳುತ್ತೀಯ, ಹಾಗಾಗಿ ಬಿಡುತ್ತೇನೆ. ಕ್ರಿಶ್ಚಿಯನ್ ಆನ್ಫಿನ್ಸನ್ ಕೆಲಸದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲು. ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲದ ಕಿಣ್ವದಲ್ಲಿ ನಾಲ್ಕು ಗಂಧಕದ ಸೇತುವೆ. ಯೂರಿಯಾ ಹಾಕಿ ಮಡಿಕೆ ಬಿಚ್ಚಿದರು, ಸೇತುವೆಗಳನ್ನೂ ಕಡಿದರು. ಎಂಟು ಸಿಸ್ಟೀನ್ ಮತ್ತೆ ಜೋಡಿಯಾಗಲು 105 ದಾರಿ. ಯೂರಿಯಾ ಇರುವಾಗಲೇ ಜೋಡಿಯಾಗಲು ಬಿಟ್ಟರೆ ಹೇಗೆ ಹೇಗೋ ಜೋಡಿಯಾಗಿ ಕಿಣ್ವ ಕೆಲಸಕ್ಕೆ ಬರಲಿಲ್ಲ. ಯೂರಿಯಾ ತೆಗೆದು, ತಪ್ಪು ಜೋಡಿ ಬಿಚ್ಚಿ ಮತ್ತೆ ಕಟ್ಟಿಕೊಳ್ಳಲು ಅವಕಾಶ ಕೊಟ್ಟು ಬಿಟ್ಟರೆ, ಕೆಲವೇ ಗಂಟೆಗಳಲ್ಲಿ ಎಲ್ಲ ಸರಿಯಾದ ಜೋಡಿಗೆ ಬಂದು ಕೆಲಸ ಶುರು. ಆಕಾರಕ್ಕೆ ಬೇಕಾದ ಸೂಚನೆಯೆಲ್ಲ ಕ್ರಮದಲ್ಲೇ ಇದೆ ಎಂದರು. 1972ರಲ್ಲಿ ನೊಬೆಲ್.

ನೀನು ಇಲ್ಲಿಗೆ ಪುಸ್ತಕ ಮುಚ್ಚುತ್ತೀಯ. ಮುಚ್ಚಬೇಡ, ಇದೇ ಪರೀಕ್ಷೆಯನ್ನು ನಿನ್ನ ಇನ್ಸುಲಿನ್‌ಗೆ ಮಾಡಿ ನೋಡು. ಸೇತುವೆ ಕಡಿದು ಎ ಮತ್ತು ಬಿ ಬೇರೆ ಮಾಡಿ ಮತ್ತೆ ಕೂಡಿಸಿದರೆ ಸರಿಯಾದ ಇನ್ಸುಲಿನ್ ಸಿಗುವುದು ಕಷ್ಟಪಟ್ಟು, ಕಡಿಮೆ. 1965ರಲ್ಲಿ ಹಸುವಿನ ಇನ್ಸುಲಿನ್ನನ್ನು ಪೂರ್ತಿ ಕೃತಕವಾಗಿ ಕಟ್ಟಿದ ಚೀನಾದ ವಿಜ್ಞಾನಿಗಳು ಮೊದಲು ಬೆವರು ಸುರಿಸಬೇಕಾದದ್ದು ಈ ಕೂಡಿಸುವ ವಿದ್ಯೆಗೇ. ರೈಬೋನ್ಯೂಕ್ಲಿಯೇಸ್‌ಗೆ ಸಲೀಸಾದದ್ದು ಇದಕ್ಕೆ ಯಾಕೆ ಆಗಲಿಲ್ಲ? 1967ರಲ್ಲಿ ಡೊನಾಲ್ಡ್ ಸ್ಟೈನರ್ ಕಂಡುಕೊಂಡದ್ದು ಅದರ ಗುಟ್ಟು: ಇನ್ಸುಲಿನ್ ಹುಟ್ಟುವುದು ಎರಡು ಸರಪಳಿಯಾಗಿ ಅಲ್ಲ, ಒಂದೇ ಉದ್ದ ಸರಪಳಿಯಾಗಿ. ಬಿ ಮತ್ತು ಎ ನಡುವೆ ಸಿ-ಪೆಪ್ಟೈಡ್ ಎಂಬ ಒಂದು ತುಂಡು ಇರುತ್ತದೆ. ಮಡಿಕೆಯಾಗಿ ಸೇತುವೆ ಬಿದ್ದ ಮೇಲೆ ಆ ತುಂಡನ್ನು ಜೀವಕೋಶ ಕತ್ತರಿಸಿ ತೆಗೆಯುತ್ತದೆ. ಕತ್ತರಿಸುವ ಮುಂಚಿನ ಆ ಸರಪಳಿಯನ್ನು, ಅಂದರೆ ಪ್ರೋಇನ್ಸುಲಿನ್ನನ್ನು, ಬಿಚ್ಚಿ ಬಿಟ್ಟರೆ ಚೆನ್ನಾಗಿಯೇ ಮಡಿಚಿಕೊಳ್ಳುತ್ತದೆ. ಆನ್ಫಿನ್ಸನ್ ಮಾತು ಸುಳ್ಳಾಗಲಿಲ್ಲ, ನಾವು ಕ್ರಮ ಎಂದು ಎದುರಿಗೆ ಇಟ್ಟುಕೊಂಡದ್ದೇ ಅಪೂರ್ಣವಾಗಿತ್ತು. ನಿನ್ನ ಮುಂದೆ ಇರುವ ಅಣು ಹೇಗೆ ಬೆಳೆದು ಬಂತು ಎಂದು ಕೇಳದೆ ಅದರ ಆಕಾರದ ಬಗ್ಗೆ ತೀರ್ಪು ಕೊಡಬೇಡ.

ಮಡಿಕೆ ಬಿಚ್ಚುವುದು ಎಂದ ಕೂಡಲೇ ನೀವೆಲ್ಲ ಬರೆಯುವ ಉದಾಹರಣೆ ಮೊಸರು. ಮೊಟ್ಟೆ ಬೇಯುವುದು ಎಂದು ಬರೆ, ಒಪ್ಪುತ್ತೇನೆ. ಮೊಸರಿನ ವಿಷಯ ಅಷ್ಟು ಸಲೀಸಲ್ಲ. ಹಾಲಿನ ಕೇಸಿನ್‌ಗೆ ಬಿಚ್ಚಲು ಬಿಗಿಯಾದ ಮಡಿಕೆಯೇ ಇಲ್ಲ. ಹುಳಿಯೇರಿ ಪಿಎಚ್ 4.6ರ ಹತ್ತಿರ ಬಂದಾಗ ಒಂದನ್ನೊಂದು ದೂರ ಇಟ್ಟಿದ್ದ ವಿದ್ಯುದಂಶ ಕಳೆದುಕೊಂಡು ಕೇಸಿನ್ ಕಣಗಳು ಅಂಟಿಕೊಳ್ಳುತ್ತವೆ. ನಿಜವಾಗಿ ಮಡಿಕೆ ಬಿಚ್ಚುವುದು ಹೆಪ್ಪು ಹಾಕುವುದಕ್ಕೆ ಮುಂಚೆ, ಹಾಲು ಕಾಯುವಾಗ. ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನು 70 ಡಿಗ್ರಿ ದಾಟಿದ ಮೇಲೆ ಬಿಚ್ಚಿಕೊಂಡು ಕೇಸಿನ್ ಕಣಗಳಿಗೆ ಹತ್ತಿಕೊಳ್ಳುತ್ತದೆ. ಚೆನ್ನಾಗಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿ ಎಂದು ನಿನ್ನಜ್ಜಿ ಹೇಳುವುದು ಸುಮ್ಮನಲ್ಲ. ಮುಂದಿನ ಸಲ ಉತ್ತರಪತ್ರಿಕೆಯಲ್ಲಿ ಮೊಸರು ಬರೆದರೆ ಇಷ್ಟನ್ನೂ ಬರೆ.

ನಾಲ್ಕನೆಯ ಪ್ರಶ್ನೆಗೆ ಹಿಮೋಗ್ಲೋಬಿನ್ ಎಂದು ಹೇಳಲು ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದೀಯ, ಗೊತ್ತು. ಎರಡು ಆಲ್ಫಾ, ಎರಡು ಬೀಟಾ, ಒಟ್ಟು 574. ಅದರ ಬೀಟಾ ಸರಪಳಿಯ 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಕುಡಗೋಲು ಕಣ ರೋಗ ಎಂದು ವರ್ನನ್ ಇನ್‌ಗ್ರಾಂ 1956-57ರಲ್ಲಿ ತೋರಿಸಿದರು. ಅದು ಪುಸ್ತಕದೊಳಗಿನ ರೋಗ ಅಂದುಕೊಳ್ಳಬೇಡ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮನೆಗಳಲ್ಲೂ ಅದರ ನೋವು ಇದೆ. ಓದುವಾಗ ಆ ಮುಖಗಳು ನೆನಪಿರಲಿ.

ಇನ್ಸುಲಿನ್‌ಗೂ ನಾಲ್ಕನೆಯ ಮಟ್ಟ ಇದೆ ಎಂದರೆ ನಿನ್ನ ಹುಬ್ಬು ಮೇಲೇರುತ್ತದೆ. ಮೇದೋಜೀರಕದ ಜೀವಕೋಶದಲ್ಲಿ ಅದು ಒಂಟಿಯಾಗಿ ಕೂರುವುದಿಲ್ಲ. ಎರಡೆರಡು ಜೋಡಿಯಾಗಿ, ಮೂರು ಜೋಡಿ ಸೇರಿ ಆರರ ಗುಂಪಾಗಿ, ನಡುವೆ ಎರಡು ಸತು ಅಯಾನ್ ಇಟ್ಟುಕೊಂಡು ದಾಸ್ತಾನಾಗಿರುತ್ತದೆ. ಸತುವನ್ನು ಹಿಡಿದಿರುವುದು ಬಿ 10ರ ಹಿಸ್ಟಿಡಿನ್. ರಕ್ತಕ್ಕೆ ಬಂದು ತೆಳುವಾದಾಗ ಗುಂಪು ಒಡೆಯುತ್ತದೆ. ಕೆಲಸ ಮಾಡುವುದು ಒಂಟಿ ಅಣು. ಈ ಜೋಡಿಯಲ್ಲಿ ನನಗೆ ಬಹಳ ಪ್ರೀತಿಯ ಸಂಗತಿ ಒಂದಿದೆ. ಬಿ ಸರಪಳಿಯ ಕೊನೆಯ ಭಾಗ, ಅಂದರೆ 24ರ ಆಚೀಚಿನದು, ನೇರವಾಗಿ ಚಾಚಿಕೊಂಡಿದೆ. ಜೋಡಿ ಕಟ್ಟಿದಾಗ ಒಂದು ಅಣುವಿನ ಆ ಎಳೆ ಇನ್ನೊಂದು ಅಣುವಿನ ಅದೇ ಎಳೆಯ ಪಕ್ಕ ಎದುರುಬದುರಾಗಿ ಮಲಗಿ ಬೀಟಾ ಹಾಳೆಯಾಗುತ್ತದೆ. ಒಂಟಿ ಅಣುವಿನಲ್ಲಿ ಆ ಹಾಳೆ ಇಲ್ಲವೇ ಇಲ್ಲ! ಎರಡನೆಯ ಮಟ್ಟದ್ದು ಎಂದು ನೀನು ಬಾಯಿಪಾಠ ಮಾಡಿದ ಹಾಳೆ ಇಲ್ಲಿ ಹುಟ್ಟುವುದೇ ನಾಲ್ಕನೆಯದರಲ್ಲಿ. ಈಗ ಹೇಳು, ಯಾವುದು ಮೊದಲು, ಯಾವುದು ಆಮೇಲೆ?

ಇದರಿಂದ ನನ್ನ ಊಟದ ಹೊತ್ತೇ ಬದಲಾಗಿದೆ. ಮಾಮೂಲಿ ಇನ್ಸುಲಿನ್ನಿನ ಆರರ ಗುಂಪು ಚರ್ಮದ ಕೆಳಗೆ ಒಡೆಯಲು ಹೊತ್ತು ಹಿಡಿಯುವುದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಂಡು ಗಡಿಯಾರ ನೋಡುತ್ತಾ ಕೂರಬೇಕಿತ್ತು. 1996ರಲ್ಲಿ ಲಿಸ್‌ಪ್ರೋ ಬಂತು. ಅದರಲ್ಲಿ ಮಾಡಿದ್ದು ಇಷ್ಟೇ: ಬಿ 28ರ ಪ್ರೋಲಿನ್ನನ್ನೂ 29ರ ಲೈಸಿನ್ನನ್ನೂ ಅದಲುಬದಲು ಮಾಡಿದರು. ಜೋಡಿ ಸಡಿಲವಾಯಿತು, ಗುಂಪು ಬೇಗ ಒಡೆಯತೊಡಗಿತು, ಈಗ ತಟ್ಟೆ ಹಾಕುವ ಹೊತ್ತಿಗೆ ಚುಚ್ಚಿಕೊಂಡರಾಯಿತು. ಎರಡು ಅಕ್ಷರ ಅದಲುಬದಲಾದದ್ದು ಒಬ್ಬ ಮುದುಕನ ಅನ್ನಸಾರಿನವರೆಗೆ ಬಂದು ಮುಟ್ಟಿತು. ಹಾಗೆಯೇ, ಬೇಸಿಗೆಯಲ್ಲಿ ಕಲಬುರಗಿ ಕಡೆ ಬಸ್ಸು ಹತ್ತುವಾಗ ಇನ್ಸುಲಿನ್ ಸೀಸೆಯನ್ನು ಚೀಲದ ತಳದಲ್ಲಿ ತುರುಕಬೇಡ ಎಂದು ನಾನು ನಿನ್ನನ್ನು ಗದರುವುದೂ ಇದಕ್ಕೇ. ಬಿಸಿ, ಕುಲುಕಾಟ ಎರಡೂ ಸೇರಿದರೆ ಅಣುಗಳು ಬಿಚ್ಚಿ ನಾರುನಾರಾಗಿ ಅಂಟಿಕೊಳ್ಳುತ್ತವೆ, ಆಮೇಲೆ ಅದು ಔಷಧಿಯಲ್ಲ.

ಈ ಆರರ ಗುಂಪನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಡೊರೊಥಿ ಹಾಡ್ಜ್‌ಕಿನ್. ಇನ್ಸುಲಿನ್ ಹರಳಿನ ಮೊದಲ ಎಕ್ಸ್-ಕಿರಣ ಚಿತ್ರ ಹಿಡಿದು 1935ರಲ್ಲಿ ಪ್ರಕಟಿಸಿದಾಗ ಅವರಿಗೆ ನಿನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು ಅಷ್ಟೆ. ರಚನೆ ಬಿಡಿಸಿದ್ದು 1969ರಲ್ಲಿ. ನಡುವೆ ಕೈಕಟ್ಟಿ ಕೂರಲಿಲ್ಲ. ಪೆನಿಸಿಲಿನ್ ಬಿಡಿಸಿದರು, ಬಿ12 ಬಿಡಿಸಿದರು, 1964ರಲ್ಲಿ ನೊಬೆಲ್ ಪಡೆದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾದರೂ ಹರಳು ಬಿಡಲಿಲ್ಲ, ಇನ್ಸುಲಿನ್ನನ್ನಂತೂ ಮರೆಯಲೇ ಇಲ್ಲ. 1969ರ ಆ ಗುಂಪಿನಲ್ಲಿ ಎಂ. ವಿಜಯನ್ ಎಂಬ ನಮ್ಮ ತರುಣನೂ ಇದ್ದರು. ಅವರು ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಪ್ರೋಟೀನ್ ಹರಳುಗಳ ಅಧ್ಯಯನವನ್ನು ಈ ದೇಶದಲ್ಲಿ ಬೇರೂರಿಸಿದರು.

ಕ್ರಮ ಕೊಟ್ಟರೆ ಆಕಾರ ಊಹಿಸಿಕೊಡುವ ಆಲ್ಫಾಫೋಲ್ಡ್ ಎಂಬ ಯಂತ್ರ ಇರುವಾಗ ಇಷ್ಟೆಲ್ಲ ಯಾಕೆ ಎಂದು ನೀನು ಬಾಯಿ ತೆರೆಯುವ ಮುಂಚೆಯೇ ನನಗೆ ಕೇಳಿಸುತ್ತಿದೆ. ಅದು ದೊಡ್ಡ ಸಾಧನೆ, ನನಗೂ ಹೆಮ್ಮೆ. ಆಕಾರ ಊಹಿಸುವ 2020ರ ಸ್ಪರ್ಧೆಯಲ್ಲಿ ಅದು ಎಲ್ಲರನ್ನೂ ಬೆರಗುಗೊಳಿಸಿತು, 2022ಕ್ಕೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರ ಊಹಿಸಿ ಎಲ್ಲರಿಗೂ ಬಿಟ್ಟುಕೊಟ್ಟಿತು, 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಇಬ್ಬರಿಗೂ ಪಾಲು ಸಿಕ್ಕಿತು. ಆದರೆ ಆ ಯಂತ್ರ ಕಲಿತದ್ದು ಎಲ್ಲಿಂದ? 1971ರಲ್ಲಿ ಏಳೇ ರಚನೆಗಳಿಂದ ಶುರುವಾದ ಪ್ರೋಟೀನ್ ದತ್ತಾಂಶ ಕಣಜದಿಂದ. ಹರಳು ಬೆಳೆಸಿ, ಕಾದು, ಅಳೆದು ತುಂಬಿಸಿದವರ ಎರಡು ಲಕ್ಷಕ್ಕೂ ಮೀರಿದ ರಚನೆಗಳಿಂದ. ಬಳಸು, ಬೇಡ ಎನ್ನುವುದಿಲ್ಲ. ಅವಸರದಲ್ಲಿ ಬಳಸಬೇಡ. ಅಲ್ಲಿ ಮಾನವ ಇನ್ಸುಲಿನ್ ಎಂದು ಹುಡುಕಿದರೆ ಬರುವುದು 110 ಅಮೈನೋ ಆಮ್ಲದ ಒಂಟಿ ಸರಪಳಿ. ಮುಂದೆ 24 ಅಮೈನೋ ಆಮ್ಲದ ದಾರಿ ತೋರುವ ತುದಿ, ನಡುವೆ ಸಿ-ಪೆಪ್ಟೈಡ್, ಜೀವಕೋಶ ಕತ್ತರಿಸಿ ತೆಗೆಯುವ ಎಲ್ಲವೂ ಅದರಲ್ಲಿ ಇನ್ನೂ ಅಂಟಿಕೊಂಡೇ ಇದೆ. ಸತುವಿಲ್ಲ, ಜೋಡಿಯಿಲ್ಲ, ಹಾಳೆಯಿಲ್ಲ. ಚಿತ್ರದ ಬಣ್ಣಗಳು ಚಂದಕ್ಕೆ ಹಾಕಿದ್ದಲ್ಲ: ನೀಲಿ ಇದ್ದಲ್ಲಿ ಅದಕ್ಕೆ ಭರವಸೆ, ಕಿತ್ತಳೆ ಇದ್ದಲ್ಲಿ ಅನುಮಾನ. ತನ್ನ ಅನುಮಾನವನ್ನು ಅದು ಪ್ರಾಮಾಣಿಕವಾಗಿ ಹೇಳುತ್ತಿದೆ, ಓದುವ ವ್ಯವಧಾನ ನಿನಗಿರಬೇಕು.

ಈ ವಾರ ಒಂದು ಕೆಲಸ ಮಾಡು. ಹಾಡ್ಜ್‌ಕಿನ್ ಗುಂಪು ಕೊಟ್ಟ ಹಂದಿ ಇನ್ಸುಲಿನ್ನಿನ ರಚನೆ ಆ ಕಣಜದಲ್ಲಿ 4ಐಎನ್‌ಎಸ್ ಎಂಬ ಗುರುತಿನಲ್ಲಿದೆ, ಕಾಸು ಕೊಡಬೇಕಿಲ್ಲ. ಇಳಿಸಿಕೊಂಡು ತೆರೆ, ಬಿ 24ರ ಫಿನೈಲ್‌ಅಲನಿನ್ ಹುಡುಕು. ಅಲ್ಲಿ ಸೆರಿನ್ ಬಂದರೆ ಇನ್ಸುಲಿನ್ನಿನ ಬಲ ಕುಗ್ಗುತ್ತದೆ. ಲಾಸ್ ಏಂಜಲೀಸ್ ಹೆಸರಿನ ಇನ್ಸುಲಿನ್ ದೋಷ ಅದೇ. 24 ಈಗ ಯಾವ ಕಡೆ ಮುಖ ಮಾಡಿ ಕೂತಿದೆ, ಅದರ ಪಕ್ಕ ಯಾರಿದ್ದಾರೆ, ಆ ಪಕ್ಕದವರು ಅದೇ ಅಣುವಿನವರೋ ಜೋಡಿಯ ಇನ್ನೊಂದು ಅಣುವಿನವರೋ, ಬರೆದುಕೋ. ಇನ್ಸುಲಿನ್ ತನ್ನ ಗ್ರಾಹಿಗೆ ಕೂಡುವಾಗ ಬಿ ಸರಪಳಿಯ ಆ ತುದಿ ಒಳಮೈ ಬಿಟ್ಟು ಹೊರಕ್ಕೆ ತೆರೆದುಕೊಳ್ಳುತ್ತದೆ ಎಂದು 2013-14ರ ಕೆಲಸಗಳು ತೋರಿಸಿವೆ. ಹಾಗಾದರೆ ನಿನ್ನ ಎದುರಿನ ಚಿತ್ರದಲ್ಲಿ ಅದನ್ನು ಮುಚ್ಚಿ ಹಿಡಿದಿರುವುದು ಯಾವುದು, ತೆರೆದಾಗ ಒಳಗಿನಿಂದ ಯಾವ ಯಾವ ಅಮೈನೋ ಆಮ್ಲ ಹೊರಗೆ ಕಾಣಬೇಕು? ಎ ಸರಪಳಿಯ 2 ಮತ್ತು 3ರ ಸುತ್ತ ಚೆನ್ನಾಗಿ ನೋಡು. ಭಾನುವಾರ ಬರುವಾಗ ಕಾಗದ ತಾ, ನಿನ್ನ ಕೈಬರಹದಲ್ಲಿ.